ಐದು ಬಾರಿ ಗಡಿಪಾರಾದ ಬಿಷಪ್ ಅಥನಾಸಿಯಸ್

ಭಾನುವಾರದ ಆರಾಧನೆಯಲ್ಲಿ ಕ್ರೈಸ್ತರು ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುತ್ತಾರೆ. ತಂದೆಯಾದ ದೇವರೂ ಮಗನಾದ ಯೇಸುವೂ ಒಂದೇ ಸತ್ವ ಎಂಬುದು ಅದರ ತಿರುಳು. ಇಂದು ಬಾಯಿಪಾಠವಾಗಿರುವ ಈ ಮಾತಿಗಾಗಿ ಈಜಿಪ್ಟಿನ ಬಿಷಪ್ ಒಬ್ಬರು ಸುಮಾರು 17 ವರ್ಷ ಊರು ಬಿಟ್ಟು ಬದುಕಬೇಕಾಯಿತು. ಅವರೇ ಸಂತ ಅಥನಾಸಿಯಸ್.

ಮೂರನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಅವರು ಯೌವನದಲ್ಲೇ ಅಲೆಕ್ಸಾಂಡ್ರಿಯಾದ ಬಿಷಪ್ ಅಲೆಕ್ಸಾಂಡರ್ ಅವರ ಕಾರ್ಯದರ್ಶಿಯಾದರು. ಅದೇ ಪಟ್ಟಣದ ಪಾದ್ರಿ ಏರಿಯಸ್, ಯೇಸು ದೊಡ್ಡವನೇ ಆದರೂ ದೇವರು ಸೃಷ್ಟಿಸಿದವನು ಎಂದು ಬೋಧಿಸುತ್ತಿದ್ದರು. ಕೇಳಲು ಸರಳವಾದ ಮಾತು. ನಾವಿಕರೂ ಗಿರಣಿಯವರೂ ಹಾಡಿಕೊಳ್ಳುವಂತೆ ಅವರು ಹಾಡುಗಳನ್ನೂ ಕಟ್ಟಿದ್ದರಂತೆ. ಅಥನಾಸಿಯಸ್ ಒಪ್ಪಲಿಲ್ಲ. ಸೃಷ್ಟಿಯಾದವನು ಸೃಷ್ಟಿಯನ್ನು ರಕ್ಷಿಸಲಾರ, ದೇವರೇ ಮನುಷ್ಯನಾಗಿ ಬಂದರೆ ಮಾತ್ರ ಮನುಷ್ಯನಿಗೆ ಬಿಡುಗಡೆ ಎಂಬುದು ಅವರ ವಾದ.

325 ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಈಗಿನ ಟರ್ಕಿಯಲ್ಲಿರುವ ನೈಸೀಯದಲ್ಲಿ ಬಿಷಪ್ಪರ ಸಭೆ ಕರೆದರು. ಸಭೆ ಏರಿಯಸ್‌ನ ಬೋಧನೆಯನ್ನು ತಳ್ಳಿಹಾಕಿ, ಒಂದೇ ಸತ್ವ ಎಂಬ ಅರ್ಥದ ಹೋಮೋಊಸಿಯೋಸ್ ಪದವನ್ನು ಸೇರಿಸಿತು. ಜಗಳ ನಿಲ್ಲಲಿಲ್ಲ. ಮುಂದೆ ಕೆಲವರು ಹೋಮೋಯೂಸಿಯೋಸ್, ಅಂದರೆ ಸದೃಶ ಸತ್ವ ಎಂದರೆ ಸಾಕು ಎಂದರು. ಗ್ರೀಕಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ! ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ಗಡಿನಾಡಿನವರಿಗೆ, ಒಂದು ಅಕ್ಷರದಿಂದ ಏನೆಲ್ಲ ಆಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

328 ರಲ್ಲಿ ಅಥನಾಸಿಯಸ್ ಬಿಷಪ್ ಆದರು. ಆಮೇಲೆ ಆರೋಪಗಳ ಸುರಿಮಳೆ. ಆರ್ಸೇನಿಯಸ್ ಎಂಬ ಬಿಷಪ್ಪನನ್ನು ಕೊಲ್ಲಿಸಿ, ಅವನ ಕೈ ಕತ್ತರಿಸಿ ಮಾಟಕ್ಕೆ ಬಳಸಿದರು ಎಂಬ ದೂರು 335 ರಲ್ಲಿ ಟೈರ್ ಪಟ್ಟಣದ ಸಭೆಗೆ ಬಂತು. ಸತ್ತವನೆನ್ನಲಾದ ಆರ್ಸೇನಿಯಸ್‌ನನ್ನೇ ಅಥನಾಸಿಯಸ್ ಅಲ್ಲಿ ನಿಲ್ಲಿಸಿ, ಹೊದಿಕೆ ಸರಿಸಿ ಒಂದು ಕೈ, ಮತ್ತೊಂದು ಕೈ ತೋರಿಸಿ, ಮೂರನೆಯದು ಎಲ್ಲಿತ್ತು ಎಂದು ಕೇಳಿದರಂತೆ. ಆದರೂ ಶಿಕ್ಷೆ ತಪ್ಪಲಿಲ್ಲ. ರಾಜಧಾನಿಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುವುದಾಗಿ ಬೆದರಿಸಿದರು ಎಂಬ ಹೊಸ ದೂರು ಹುಟ್ಟಿತು. ಅನ್ನದ ವಿಷಯ ಬಂದಾಗ ಯಾವ ದೊರೆ ಸುಮ್ಮನಿರುತ್ತಾನೆ? ಈಗಿನ ಜರ್ಮನಿಯ ಟ್ರಿಯರ್‌ಗೆ ಗಡಿಪಾರಾಯಿತು.

ಹೀಗೆ ನಾಲ್ವರು ಚಕ್ರವರ್ತಿಗಳು ಒಟ್ಟು ಐದು ಬಾರಿ ಅವರನ್ನು ಓಡಿಸಿದರು. 356 ರ ಫೆಬ್ರವರಿಯ ಒಂದು ರಾತ್ರಿ ಪ್ರಾರ್ಥನೆ ನಡೆಯುತ್ತಿದ್ದಾಗ ಸೈನಿಕರು ಚರ್ಚಿಗೆ ನುಗ್ಗಿದರು. ಗದ್ದಲದಲ್ಲಿ ಪಾರಾದ ಅಥನಾಸಿಯಸ್‌ರನ್ನು ಮರುಭೂಮಿಯ ಸನ್ಯಾಸಿಗಳು ಆರು ವರ್ಷ ಬಚ್ಚಿಟ್ಟು ಕಾಪಾಡಿದರು. ಆ ಕಾಲದಲ್ಲೂ ಅವರ ಲೇಖನಿ ನಿಲ್ಲಲಿಲ್ಲ.

ಅವರೇನೂ ಸಾಧು ಸ್ವಭಾವದವರಲ್ಲ. ಅವರ ಬೆಂಬಲಿಗರು ಎದುರಾಳಿಗಳನ್ನು ಹೊಡೆದ ಸಂಗತಿ ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಪತ್ರವೊಂದರಲ್ಲಿದೆ.

367 ರ ಈಸ್ಟರ್ ಪತ್ರದಲ್ಲಿ ಅವರು ಹೆಸರಿಸಿದ 27 ಪುಸ್ತಕಗಳೇ ಇಂದಿನ ಹೊಸ ಒಡಂಬಡಿಕೆ. 373 ರ ಮೇ 2 ರಂದು ತಮ್ಮ ಊರಿನಲ್ಲೇ ತೀರಿಕೊಂಡರು. 381 ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ನೈಸೀಯದ ನಂಬಿಕೆಯನ್ನು ಎತ್ತಿಹಿಡಿದಾಗ ಅವರಿರಲಿಲ್ಲ. ಕಾಲಾನಂತರ ಅವರ ಅವಶೇಷಗಳೂ ಇಟಲಿ ಸೇರಿದವು. 1973 ರಲ್ಲಿ ಪೋಪ್ ಆರನೇ ಪೌಲ್ ಅವುಗಳ ಒಂದು ಭಾಗವನ್ನು ಈಜಿಪ್ಟಿನ ಕಾಪ್ಟಿಕ್ ಸಭೆಗೆ ಮರಳಿಸಿದರು.