ಹೈದರಾಲಿಯೂ ಕಡಲೂ

ಲಕ್ಷ್ಮಣತೀರ್ಥದ ದಡದ ಹುಣಸೂರಿಗೂ ಕಪಿಲೆಯ ಸೀಮೆಯ ಹೆಗ್ಗಡದೇವನಕೋಟೆಗೂ ಹೊಳೆಯ ಹರಿಗೋಲು ಪರಿಚಿತ. ಕಡಲ ಹಡಗು ದೂರದ ಮಾತು. ಇಂತಹ ಮೈಸೂರು ಸೀಮೆಗೆ ಕಡಲಿನ ಬಾಗಿಲನ್ನು ತೆರೆದವನು ಹೈದರಾಲಿ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಈತನಿಗೆ ಓದುಬರಹ ಬಾರದು. ಕುದುರೆಯ ಬೆನ್ನೇ ಪಾಠಶಾಲೆ. 1763ರಲ್ಲಿ ಬಿದನೂರನ್ನು ಗೆದ್ದಾಗ ಮಂಗಳೂರು, ಹೊನ್ನಾವರದ ಬಂದರುಗಳು ಕೈಸೇರಿದವು. ಹಡಗುಗಳನ್ನು ಕಟ್ಟಿಸಿದನು; ಸ್ಟ್ಯಾನೆಟ್ ಎಂಬ ಐರೋಪ್ಯ ನಾವಿಕನಿಗೆ ಅವುಗಳನ್ನು ಒಪ್ಪಿಸಿದನು. ಆಮೇಲೆ ಕುದುರೆಪಡೆಯ ಸರದಾರ ಲುತ್ಫ್ ಅಲಿ ಬೇಗನನ್ನು ನೌಕಾಪಡೆಯ ಒಡೆಯನನ್ನಾಗಿ ಮಾಡಿದನು. ಗಾಳಿಯ ಗತಿ, ನೀರಿನ ಆಳ, ಅಳಿವೆಯ ಮರಳದಿಬ್ಬ ಇವನ್ನರಿಯದವನ ಅಪ್ಪಣೆ ಕಪ್ತಾನರಿಗೆ ಸಹಿಸಲಿಲ್ಲ. 1768ರಲ್ಲಿ ಮುಂಬಯಿಯ ಇಂಗ್ಲಿಷ್ ನೌಕಾಪಡೆ ಕರಾವಳಿಗೆ ಬಂದಾಗ ಅವರು ಹಡಗುಗಳೊಡನೆ ಹಗೆಯ ಪಕ್ಷವನ್ನು ಸೇರಿದರು.

ಹೈದರನು ಧೃತಿಗೆಡದೆ ಮತ್ತೆ ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಆ ಹಡಗುಗಳನ್ನು ಮಂಗಳೂರಿನಲ್ಲಿ ನಾಶಗೊಳಿಸಿದನು. ಎರಡು ವರ್ಷಗಳ ಬಳಿಕ, 1782ರ ಡಿಸೆಂಬರಿನಲ್ಲಿ, ಚಿತ್ತೂರಿನ ಬಳಿಯ ಬೀಡಿನಲ್ಲಿ ಹೈದರನು ತೀರಿಕೊಂಡನು.

ಮರ, ಹಣ, ಎದೆಗಾರಿಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಕಡಲನ್ನು ಬಲ್ಲವನಿಗೇ ಹಡಗಿನ ಅಧಿಕಾರ ಸಲ್ಲಬೇಕೆಂಬ ನಿಯಮವೊಂದು ತಪ್ಪಿತು. ಇಂದು ಹಡಗಿನ ಪಹರೆಗೆ ನಿಲ್ಲುವ ತರುಣನು ಮೊದಲು ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕೆಂಬ ಕಟ್ಟಳೆಯ ಹಿಂದಿರುವುದೂ ಇದೇ ವಿವೇಕ.