ಮಾರಿಸ್ ಪೊಡೊಲಾಫ್

ಮಾರಿಸ್ ಪೊಡೊಲಾಫ್ (ಆಗಸ್ಟ್ 18, 1890 – ನವೆಂಬರ್ 24, 1985) ಅಮೆರಿಕದ ವಕೀಲರು ಹಾಗೂ ಕ್ರೀಡಾ ಆಡಳಿತಗಾರರು. ಪುರುಷರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್‌ನ (ಎನ್‌ಬಿಎ) ಮೊದಲ ಅಧ್ಯಕ್ಷರಾಗಿ 1963ರವರೆಗೆ ಅದನ್ನು ಮುನ್ನಡೆಸಿದರು. ಅವರು ಈ ಆಟದ ಆಟಗಾರರಾಗಿಯಾಗಲಿ ತರಬೇತುದಾರರಾಗಿಯಾಗಲಿ ಹೆಸರು ಮಾಡಿದವರಲ್ಲ.

ಬಾಲ್ಯ ಮತ್ತು ಶಿಕ್ಷಣ

ಪೊಡೊಲಾಫ್ ಅವರು ಆಗಿನ ರಷ್ಯಾ ಸಾಮ್ರಾಜ್ಯದ ಎಲಿಸವೆತ್‌ಗ್ರಾಡ್‌ನಲ್ಲಿ (ಇಂದಿನ ಉಕ್ರೇನ್) ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ಕುಟುಂಬವು ಅಮೆರಿಕಕ್ಕೆ ವಲಸೆ ಹೋಗಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ನೆಲೆಸಿತು. ಯೇಲ್ ವಿಶ್ವವಿದ್ಯಾಲಯದಲ್ಲಿ 1913ರಲ್ಲಿ ಪದವಿಯನ್ನೂ 1915ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಕುಟುಂಬವು ನ್ಯೂ ಹೇವನ್ ಅರೀನಾ ಎಂಬ ಕ್ರೀಡಾಂಗಣದ ಒಡೆತನ ಹೊಂದಿದ್ದರಿಂದ ಐಸ್ ಹಾಕಿಯ ಆಡಳಿತಕ್ಕೆ ಬಂದು, ಅಮೆರಿಕನ್ ಹಾಕಿ ಲೀಗ್‌ನ ಅಧ್ಯಕ್ಷರಾದರು.

ಲೀಗ್‌ನ ಸ್ಥಾಪನೆ

ದೊಡ್ಡ ನಗರಗಳ ಒಳಾಂಗಣ ಕ್ರೀಡಾಂಗಣಗಳ ಮಾಲೀಕರಿಗೆ ಹಾಕಿ ಪಂದ್ಯಗಳಿಲ್ಲದ ರಾತ್ರಿಗಳು ನಷ್ಟದ ರಾತ್ರಿಗಳಾಗಿದ್ದವು. ಆ ಖಾಲಿ ದಿನಗಳನ್ನು ತುಂಬಲೆಂದು ಅವರು 1946ರ ಜೂನ್ 6ರಂದು ನ್ಯೂಯಾರ್ಕ್‌ನಲ್ಲಿ ಸಭೆ ಸೇರಿ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ (ಬಿಎಎ) ಎಂಬ ಲೀಗನ್ನು ಸ್ಥಾಪಿಸಿ, ಪರಿಚಿತರಾಗಿದ್ದ ಪೊಡೊಲಾಫ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಹಾಕಿ ಲೀಗ್‌ನ ಹುದ್ದೆಯನ್ನೂ ಅವರು ಉಳಿಸಿಕೊಂಡರು. ಮೊದಲ ಪಂದ್ಯ ಅದೇ ವರ್ಷ ನವೆಂಬರ್ 1ರಂದು ಟೊರಾಂಟೊದಲ್ಲಿ ನಡೆದು, ನ್ಯೂಯಾರ್ಕ್ ತಂಡವು 68–66ರಿಂದ ಗೆದ್ದಿತು.

ಹನ್ನೊಂದು ತಂಡಗಳ ಪೈಕಿ ನಾಲ್ಕು, ಮೊದಲ ಋತು ಮುಗಿಯುತ್ತಲೇ ಮುಚ್ಚಿದವು. ಇಂತಹ ಲೀಗ್‌ಗಳು ಎಳೆಯ ವಯಸ್ಸಿನಲ್ಲಿ ಅಳಿಯುವುದು ಅಪರೂಪವಲ್ಲ. ಭಾರತದಲ್ಲಿ 2015ರಲ್ಲಿ ಆರಂಭವಾದ, ಬೆಂಗಳೂರು ಬೀಸ್ಟ್ ತಂಡವೂ ಇದ್ದ ಯುಬಿಎ ಲೀಗ್ 2017ರ ಬಳಿಕ ನಡೆಯಲಿಲ್ಲ. ಬಿಎಎಗೆ ಎದುರಾಳಿಯೂ ಇತ್ತು. ಸಣ್ಣ ಊರುಗಳಲ್ಲಿ ಬೇರೂರಿದ್ದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಬಳಿ ಉತ್ತಮ ಆಟಗಾರರಿದ್ದರು, ಬಿಎಎ ಬಳಿ ದೊಡ್ಡ ಕ್ರೀಡಾಂಗಣಗಳಿದ್ದವು. 1948ರಲ್ಲಿ ಜಾರ್ಜ್ ಮೈಕನ್ ಅವರ ಮಿನಿಯಾಪೊಲಿಸ್ ಸೇರಿದಂತೆ ನಾಲ್ಕು ತಂಡಗಳು ಬಿಎಎಗೆ ಬಂದವು. 1949ರ ಆಗಸ್ಟ್ 3ರಂದು ಎರಡೂ ವಿಲೀನಗೊಂಡು 17 ತಂಡಗಳ ಎನ್‌ಬಿಎ ಆಯಿತು. ಮರುವರ್ಷ ಅರ್ಲ್ ಲಾಯ್ಡ್ ಅವರು ಈ ಲೀಗ್‌ನ ಪಂದ್ಯವಾಡಿದ ಮೊದಲ ಕಪ್ಪು ವರ್ಣೀಯ ಆಟಗಾರರಾದರು.

ಬಿಕ್ಕಟ್ಟಿನ ವರ್ಷಗಳು

ವಿಲೀನದಿಂದ ಕಷ್ಟ ತೀರಲಿಲ್ಲ. ಮುನ್ನಡೆ ಪಡೆದ ತಂಡವು ಚೆಂಡನ್ನು ಬುಟ್ಟಿಗೆ ಎಸೆಯದೆ ಕೈಯಲ್ಲೇ ಇಟ್ಟುಕೊಂಡು ಕಾಲ ತಳ್ಳಬಹುದಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ತಂಡವು ಮಿನಿಯಾಪೊಲಿಸ್ ತಂಡವನ್ನು ಸೋಲಿಸಿದ ಅಂತರ 19–18. ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ನೋಡಲು ಏನೂ ಇರಲಿಲ್ಲ. ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಸರಳ ಲೆಕ್ಕವೊಂದನ್ನು ಮುಂದಿಟ್ಟರು: ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ತಂಡಗಳಿಂದ ಸುಮಾರು 120 ಎಸೆತಗಳಾಗುತ್ತವೆ, 48 ನಿಮಿಷಗಳ, ಅಂದರೆ 2,880 ಸೆಕೆಂಡುಗಳ ಆಟವನ್ನು 120ರಿಂದ ಭಾಗಿಸಿದರೆ 24. ಪೊಡೊಲಾಫ್ ಅವರ ಅಧ್ಯಕ್ಷತೆಯಲ್ಲಿ 1954ರಲ್ಲಿ 24 ಸೆಕೆಂಡುಗಳ ನಿಯಮ ಜಾರಿಗೆ ಬಂದಿತು. ಪ್ರತಿ ತಂಡದ ಸರಾಸರಿ ಅಂಕ ಒಂದೇ ಋತುವಿನಲ್ಲಿ ಸುಮಾರು 79ರಿಂದ 93ಕ್ಕೆ ಏರಿತು. ಆ ವೇಳೆಗೆ ಉಳಿದಿದ್ದ ತಂಡಗಳು ಎಂಟು ಮಾತ್ರ.

ಜೂಜಿನ ವಿಷಯದಲ್ಲಿ ಅವರು ಕಠಿಣರಾಗಿದ್ದರು. ಕಾಲೇಜು ದಿನಗಳಲ್ಲಿ ಹಣ ಪಡೆದು ಅಂಕಗಳ ಅಂತರ ಬದಲಿಸಿದ್ದ ಅಲೆಕ್ಸ್ ಗ್ರೋಝಾ ಮತ್ತು ರಾಲ್ಫ್ ಬಿಯರ್ಡ್ ಅವರನ್ನು 1951ರಲ್ಲಿ ಲೀಗ್‌ನಿಂದ ಶಾಶ್ವತವಾಗಿ ಹೊರಹಾಕಿದರು. ಲೀಗ್‌ಗೆ ಬರುವ ಮೊದಲಿನ ತಪ್ಪಿಗೆ ಇದು ಭಾರವಾದ ಶಿಕ್ಷೆಯೇ. ಆದರೆ ಪಂದ್ಯಗಳು ಮಾರಾಟಕ್ಕಿವೆ ಎಂಬ ಗುಮಾನಿ ಹಬ್ಬಿದ್ದರೆ, ಎಳೆಯ ಲೀಗ್ ಅದನ್ನು ತಾಳಿಕೊಳ್ಳುವುದು ಕಷ್ಟವಿತ್ತು. ತಮ್ಮದೇ ತಂಡದ ಮೇಲೆ ಬಾಜಿ ಕಟ್ಟಿದ ಜ್ಯಾಕ್ ಮೊಲಿನಾಸ್ ಅವರಿಗೂ 1954ರಲ್ಲಿ ಅದೇ ಗತಿಯಾಯಿತು. ಆಟಗಾರರ ಸಂಘಕ್ಕೆ ಮಾನ್ಯತೆ ನೀಡಲು ಮಾತ್ರ ಅವರು 1957ರವರೆಗೂ ತಡಮಾಡಿದರು.

ನಿವೃತ್ತಿ ಮತ್ತು ಗೌರವಗಳು

1960ರಲ್ಲಿ ಮಿನಿಯಾಪೊಲಿಸ್ ತಂಡ ಲಾಸ್ ಏಂಜಲೀಸ್‌ಗೂ 1962ರಲ್ಲಿ ಫಿಲಡೆಲ್ಫಿಯಾ ತಂಡ ಸ್ಯಾನ್ ಫ್ರಾನ್ಸಿಸ್ಕೊಗೂ ಸ್ಥಳಾಂತರಗೊಂಡು, ಲೀಗ್ ಪಶ್ಚಿಮ ಕರಾವಳಿಯನ್ನು ಮುಟ್ಟಿತು. 1963ರಲ್ಲಿ ಪೊಡೊಲಾಫ್ ನಿವೃತ್ತರಾದರು. ವಾಲ್ಟರ್ ಕೆನಡಿ ಅವರ ಸ್ಥಾನಕ್ಕೆ ಬಂದರು. ಋತುವಿನ ಅತ್ಯುತ್ತಮ ಆಟಗಾರನಿಗೆ ನೀಡುವ ಪಾರಿತೋಷಕವು ಬಹುಕಾಲ ಪೊಡೊಲಾಫ್ ಅವರ ಹೆಸರಿನಲ್ಲಿದ್ದು, 2022ರಲ್ಲಿ ಮೈಕೆಲ್ ಜೋರ್ಡನ್ ಅವರ ಹೆಸರಿಗೆ ಬದಲಾಯಿತು. 1974ರಲ್ಲಿ ಪೊಡೊಲಾಫ್ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ನ್ಯೂ ಹೇವನ್‌ನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು.