ಅರಳುಮರಳಿನ ಆಚೆ ಕಂಡ ವೈದ್ಯ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಂಬಿ ವೈದ್ಯರನ್ನು ಕಾಣುವುದನ್ನೇ ಮುಂದೂಡುವ ಕುಟುಂಬಗಳು ನಮ್ಮಲ್ಲಿ ಇಂದಿಗೂ ಕಡಿಮೆಯಿಲ್ಲ. ಮರೆವಿನ ಹಿಂದೆ ಮಿದುಳಿನ ರೋಗವೊಂದು ಅಡಗಿರಬಹುದೆಂದು ಸೂಕ್ಷ್ಮದರ್ಶಕದ ಸಾಕ್ಷ್ಯದೊಡನೆ ತೋರಿಸಿಕೊಟ್ಟ ಜರ್ಮನಿಯ ಅಲೋಯಿಸ್ ಅಲ್ಝೈಮರ್ ಅವರ ಬದುಕನ್ನು ನೆನೆಯಲು ಇದೇ ಸಾಕಷ್ಟು ಕಾರಣ.

ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಪುಟ್ಟ ಊರಿನಲ್ಲಿ 1864ರ ಜೂನ್ 14ರಂದು ಜನಿಸಿದ ಅಲ್ಝೈಮರ್, ನೋಟರಿಯೊಬ್ಬರ ಮಗ. ವೈದ್ಯಕೀಯ ಪದವಿ ಪಡೆದು 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿದರು. ಮರುವರ್ಷ ಅಲ್ಲಿಗೆ ಬಂದ ಫ್ರಾನ್ಜ್ ನಿಸ್ಲ್, ನರಕೋಶಗಳಿಗೆ ಬಣ್ಣ ಹಾಕಿ ಪರೀಕ್ಷಿಸುವ ವಿಧಾನದಲ್ಲಿ ನಿಷ್ಣಾತರು. ಹಗಲು ವಾರ್ಡಿನಲ್ಲಿ ಕಂಡ ರೋಗಲಕ್ಷಣಗಳಿಗೆ ಇಬ್ಬರೂ ಪ್ರಯೋಗಾಲಯದಲ್ಲಿ ಕಾರಣ ಹುಡುಕಿದರು.

1901ರ ಫೆಬ್ರುವರಿಯಲ್ಲಿ ಪತ್ನಿ ಸಿಸಿಲಿಯಾ ತೀರಿಕೊಂಡಾಗ ಮೂವರು ಮಕ್ಕಳೂ ಚಿಕ್ಕವರು. ಅವಿವಾಹಿತೆ ಸೋದರಿ ಎಲಿಸಬೆತ್ ಬಂದು ಮನೆಯ ಹೊಣೆ ಹೊತ್ತರು. ಅದೇ ವರ್ಷದ ನವೆಂಬರ್‌ನಲ್ಲಿ ಆಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆ ಆಸ್ಪತ್ರೆಗೆ ದಾಖಲಾದರು. ತಮ್ಮ ಹೆಸರನ್ನು ಬರೆಯಲಾರಂಭಿಸಿ ನಡುವೆಯೇ ಮರೆತುಬಿಡುತ್ತಿದ್ದರು. ಗಂಡನ ಮೇಲೆ ನಿಷ್ಕಾರಣ ಸಂಶಯ ಪಡುತ್ತಿದ್ದರು. ಅವರ ಸ್ಥಿತಿಯನ್ನು ಅಲ್ಝೈಮರ್ ತಾಳ್ಮೆಯಿಂದ ದಾಖಲಿಸಿದರು.

ಮುಂದೆ ಎಮಿಲ್ ಕ್ರೆಪೆಲಿನ್ ಅವರೊಡನೆ ಮ್ಯೂನಿಕ್‌ಗೆ ತೆರಳಿದರೂ ಆ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡು ಪರೀಕ್ಷಿಸಿದರು. ಮಿದುಳಿನ ಹೊರಪದರ ಸವೆದಿತ್ತು. ನರಕೋಶಗಳ ಒಳಗೆ ಎಳೆಗಳು ಗಂಟುಗಟ್ಟಿದ್ದವು. ಕೋಶಗಳ ಹೊರಗೆ ವಿಚಿತ್ರ ವಸ್ತುವೊಂದು ಚುಕ್ಕೆಗಳಾಗಿ ಶೇಖರಗೊಂಡಿತ್ತು. ಅದೇ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ಮನೋವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ರೋಗಕ್ಕೆ ಅಲ್ಝೈಮರ್ ಅವರ ಹೆಸರನ್ನಿಟ್ಟರು. 1912ರಲ್ಲಿ ಬ್ರೆಸ್ಲೌದಲ್ಲಿ ಪ್ರಾಧ್ಯಾಪಕರಾದ ಅಲ್ಝೈಮರ್, 1915ರ ಡಿಸೆಂಬರ್ 19ರಂದು ತಮ್ಮ 51ನೆಯ ವಯಸ್ಸಿನಲ್ಲಿ ನಿಧನರಾದರು. ಫ್ರಾಂಕ್‌ಫರ್ಟ್‌ನಲ್ಲಿ ಪತ್ನಿಯ ಪಕ್ಕದಲ್ಲೇ ಅವರ ಸಮಾಧಿಯಿದೆ.

ವಿಪರ್ಯಾಸವೆಂದರೆ, ನಂತರದ ಅರ್ಧ ಶತಮಾನ ಇದನ್ನು ನಡುವಯಸ್ಕರ ಅಪರೂಪದ ಕಾಯಿಲೆ ಎಂದೇ ಭಾವಿಸಲಾಯಿತು. ವೃದ್ಧರ ಮರೆವು ಮುಪ್ಪಿನ ಲೆಕ್ಕಕ್ಕೆ ಜಮೆಯಾಯಿತು. 1960ರ ದಶಕದಲ್ಲಿ ಬ್ರಿಟನ್ನಿನ ನ್ಯೂಕಾಸಲ್‌ನ ಸಂಶೋಧಕರು ಮರೆವಿಗೆ ತುತ್ತಾದ ವೃದ್ಧರ ಮಿದುಳುಗಳಲ್ಲೂ ಅವೇ ಚುಕ್ಕೆಗಳನ್ನು ಕಂಡ ಮೇಲೆ ಈ ನಂಬಿಕೆ ಸಡಿಲವಾಯಿತು. ಆ ಚುಕ್ಕೆಗಳು ಅಮಿಲಾಯ್ಡ್ ಬೀಟಾ, ಗಂಟುಗಳು ಟೌ ಎಂಬ ಪ್ರೋಟೀನಿನವು ಎಂಬುದು 1980ರ ದಶಕದಲ್ಲಿ ತಿಳಿಯಿತು. ಟೌ ಗಂಟುಗಳು ಸಾಮಾನ್ಯವಾಗಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್‌ನ ಆಸುಪಾಸಿನಿಂದ ಮಿದುಳಿನ ಉಳಿದ ಭಾಗಗಳಿಗೆ ಹಬ್ಬುತ್ತವೆ. ಆದ್ದರಿಂದಲೇ ಮೊದಲು ನಿನ್ನೆ ಮೊನ್ನೆಯ ಸಂಗತಿಗಳು ಮರೆಯುತ್ತವೆ. ಮಾತು, ವಿವೇಚನೆ, ನಿತ್ಯಕರ್ಮಗಳ ಮೇಲಿನ ಹಿಡಿತ ಆಮೇಲೆ ತಪ್ಪುತ್ತದೆ. ಲಕ್ಷಣಗಳು ಕಾಣುವ ಒಂದೆರಡು ದಶಕಗಳ ಮೊದಲೇ ಮಿದುಳಿನಲ್ಲಿ ಬದಲಾವಣೆ ಆರಂಭವಾಗಿರುತ್ತದೆ.

2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕಾನೆಮ್ಯಾಬ್ ಔಷಧ ಆರಂಭದ ಹಂತದಲ್ಲಿ ರೋಗದ ವೇಗವನ್ನು ತುಸು ತಗ್ಗಿಸುತ್ತದೆ; ಗುಣಪಡಿಸುವುದಿಲ್ಲ. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು, ಅಲ್ಝೈಮರ್ ಸೇರಿದಂತೆ ಬುದ್ಧಿಶಕ್ತಿ ಕುಂದಿಸುವ ಕಾಯಿಲೆಗಳು ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರನ್ನು ಕಾಡುತ್ತಿವೆಯೆಂದು ಅಂದಾಜಿಸಿತು. ಇವರ ಆರೈಕೆಯ ಭಾರ ಬಹುಪಾಲು ಬೀಳುವುದು ಮನೆಯ ಹೆಣ್ಣುಮಕ್ಕಳ ಮೇಲೆ; ಆ ದುಡಿಮೆ ರಾಷ್ಟ್ರೀಯ ವರಮಾನದ ಯಾವ ಲೆಕ್ಕಕ್ಕೂ ಸೇರದು. ಎಲಿಸಬೆತ್ ಇಲ್ಲದಿದ್ದರೆ ಅಲ್ಝೈಮರ್ ಅವರ ಸಂಶೋಧನೆ ಮುಂದುವರಿಯುವುದು ಎಷ್ಟು ಕಷ್ಟವಾಗುತ್ತಿತ್ತೆಂದು ಊಹಿಸಬಹುದು. ತಾಲ್ಲೂಕು ಮಟ್ಟದಲ್ಲಿ ತಪಾಸಣೆ, ಆರೈಕೆ ಮಾಡುವವರಿಗೆ ಬಿಡುವು ನೀಡುವ ಹಗಲು ಕೇಂದ್ರಗಳು ಔಷಧದಷ್ಟೇ ಅಗತ್ಯ. ಅದಕ್ಕೂ ಮೊದಲು, ಮನೆಯ ಹಿರಿಯರ ಮರೆವನ್ನು ಗಾದೆಗೆ ಒಪ್ಪಿಸಿ ಸುಮ್ಮನಾಗುವ ಅಭ್ಯಾಸವನ್ನು ನಾವು ಬಿಡಬೇಕು.